ಖರೇ ಲೆಕ್ಕ

ಬೀದರದಿಂದ ಕಲಬುರಗಿ ಎಷ್ಟು ದೂರ ಅಂದರ
ಕಿಲೋಮೀಟರಿನಾಗ ಹೇಳ್ಲಿಕ್ಕ ಬರಲ್ಲ ನನಗ.
ಹುಮನಾಬಾದ ಸ್ಟ್ಯಾಂಡಿನಾಗ ಒಂದು, ಐದು ರೂಪಾಯಿ, ಚಿಲಕಿಲ್ಲ.
ಕಮಲಾಪುರದಾಗ ಕೆಂಪು ಬಾಳಿಹಣ್ಣಿನ ಬುಟ್ಟಿಗಳ ಹಿಂದ ಒಂದು, ನೀರಿಲ್ಲ.
ನಡುವಿನದೆಲ್ಲಾ
ಹಲ್ಲು ಕಚ್ಚಿ ಕುಂತಿದ್ದು.

ಗುಳಿಗಿಗೆ ಮಾರಿ ಉಬ್ಬಿದಾಗ
'ಈಗ ನೋಡು, ಹೆಂಗ ಮೈ ತುಂಬಿಕೊಂಡಾಳ' ಅಂದಳು ಚಿಗವ್ವ.
ಗೆಳತಿ ತಹಸೀನಳ ಮದುವಿಗಿ 'ಪರೀಕ್ಷಾ ಅದ' ಅಂದೆ.
ಪರೀಕ್ಷಾ ಇರಲಿಲ್ಲ. ಬಿರಿಯಾನಿ ಇತ್ತು, ಜನ ಇದ್ದರು,
ಒಂದು ಬಾಗಿಲಿನ ಹೊರಗ ಸಾಲು ಇತ್ತು.
ಇರುಳು ಹೊದಿಕಿ ಒಳಗ ಅತ್ತರ
ಅವ್ವ ಕೇಳತಿದ್ದಳು: ಹೊಟ್ಟಿ ಬ್ಯಾನಿ ಏನು?
ಹೂಂ ಅಂತಿದ್ದೆ. ಹೊಟ್ಟಿನೇ ಅನ್ನೂದು ಸರಳಿತ್ತು.

ದವಾಖಾನಿ ಬೆಂಚಿನ ಮ್ಯಾಲ
ಶಹಾಪುರದ ಮೌನೇಶ, ನನ್ನಂಥದೇ ದಪ್ಪ ಫೈಲು,
ನೆಲ ನೋಡಕೋತ ಕೇಳಿದ: 'ದಿನಕ್ಕ ಎಷ್ಟು ಸಲ?'
ಡಾಕ್ಟರಗ ಆರು ಅಂತಿದ್ದೆ, ಅವ್ವಗ ಮೂರು.
'ಹನ್ನೊಂದು' ಅಂದೆ.
'ನಂದು ಹದಿನಾಲ್ಕು' ಅಂದ, ಗೆದ್ದವರ ಗತ್ತಿನಾಗ.

ನಕ್ಕಿವಿ. ನಕ್ಕು ನಕ್ಕು
ಇಬ್ಬರೂ ಒಮ್ಮೆಲೆ ಎದ್ದು ಓಡಿದಿವಿ.
ಇದ್ದದ್ದು ಒಂದೇ ಬಾಗಿಲು.
'ನೀ ಹೋಗು' ಅಂದ ಅಂವ, ಮಾರಿ ಬೆವತು,
'ಚಿಲಕಿಲ್ಲ. ನಾ ಹಿಡಕೊಂಡು ನಿಂದರ್ತೀನಿ.'