ಒಂದು ನೂಲು

ಹಿಂದಿನ ಸೀಟು ಬಿಚ್ಚಿದೆವು. ಹನ್ನೆರಡು ಬೋಲ್ಟು;
ತುಕ್ಕು ಹಿಡಿದ ಒಂದು ಕೈ ಕೊಯ್ದಿತು.
ಶಾರ್ಜಾದ ಈ ಏರಿಯಾದ ಹೆಸರೇ ಸಜಾ,
ಶೆಡ್ಡಿನೊಳಗೆ ನಲವತ್ತಾರು ಡಿಗ್ರಿ.

ಮೇಲೆ ಹಾಸಿಗೆ, ಅಡಿಗೆ ಡ್ರಾಯರು,
ಬಾಗಿಲ ಬದಿಗೆ ನೀರಿನ ಕ್ಯಾನು, ಅಂದ ಹುಮೈದ್,
ಧೈದಿನ ಖರ್ಜೂರ ತೋಟದವ.
ಉದ್ದ ಎಷ್ಟಿರಲಿ ಎಂದರೆ
ಬರಿ ತಗಡಿನ ಮೇಲೆ ತಾನೇ ಮಲಗಿಬಿಟ್ಟ,
ಬಿಳಿ ಕಂದೂರಕ್ಕೆಲ್ಲ ಗ್ರೀಸು.
ಅವನ ಹಿಮ್ಮಡಿಗೆ ತಾಗಿಸಿ ಪೆನ್ಸಿಲ್ ಗೀಟೆಳೆದೆ.

ಮುದರಂಗಡಿಯಲ್ಲಿ ಬಾಗಿಲು ಕೂರಿಸುವಾಗ
ಮಳೆಗಾಲಕ್ಕೆಂದು ಒಂದು ನೂಲು ಬಿಡುತ್ತಿದ್ದೆ.
ಇಲ್ಲೆಲ್ಲಿಯ ಮಳೆ?
ಬಿಗಿಯಾಗಿ ಕೂತ ಡ್ರಾಯರು ಬೆಣ್ಣೆಯ ಹಾಗೆ ಜಾರಿತು.
ಮೆಚ್ಚಿ ಐವತ್ತು ದಿರಹಂ ಹೆಚ್ಚೇ ಕೊಟ್ಟ.

ಹದಿನೈದು ದಿನಕ್ಕೆ ಗಾಡಿ ವಾಪಸು.
ಡ್ರಾಯರು ಜಪ್ಪಯ್ಯ ಅನ್ನದು.
ಕೆಟಲು ಒಳಗೇ ಸಿಕ್ಕಿಕೊಂಡು
ಮೂರು ರಾತ್ರಿ ಚಹಾ ಇಲ್ಲದೆ ಕಳೆದದ್ದನ್ನು
ನಗುತ್ತಲೇ ಹೇಳಿದ; ಅದೇ ಹೆಚ್ಚು ನಾಟಿತು.

ಕೊಡತಿಯಲ್ಲಿ ತಟ್ಟಿ ಎಳೆದೆ.
ಸುರಿಯಿತು ಮರಳು,
ಕೆಂಪಗೆ, ಹಿಟ್ಟಿನಷ್ಟು ನುಣ್ಣಗೆ, ನನ್ನ ಪಾದದ ಮೇಲೆ.
ಹದಿನೆಂಟು ವರ್ಷವಾಯಿತು ಈ ದೇಶಕ್ಕೆ ಬಂದು,
ಇದನ್ನು ಮುಟ್ಟಿರಲಿಲ್ಲ.

ಆಗಲೇ ಗುಡಿಸಲಿಲ್ಲ.
ಅದರ ಮೇಲೆ ನಿಂತೇ ಕೀಸುಳಿ ಹಾಕಿದೆ, ಎರಡೂ ಬದಿಗೆ,
ಮಳೆಗೆ ಬಿಡುತ್ತಿದ್ದಷ್ಟೇ.