ಬಿಟ್ಟ ಜಾಗ

"ಬಿರುಕಲ್ಲ ಕಣೇ ಅದು, ಬಿಟ್ಟ ಜಾಗ"
ಎಂದಿದ್ದ ವರ್ಲಿನ್, ಮದುವೆಯಾದ ಮೂರನೇ ಬೇಸಿಗೆ,
ಅಂಗಳದ ಕಾಂಕ್ರೀಟು ಇನ್ನೂ ಹೆಬ್ಬೆರಳಿಗೆ ಬಗ್ಗುತ್ತಿದ್ದಾಗ.
ಬಿಸಿಲಿಗೆ ಇದೂ ಉಬ್ಬುತ್ತದೆ,
ಮೈಮುರಿಯಲು ಇದಕ್ಕೂ ಬೆರಳಗಲ ಬೇಕು.
ಲವಾನ್ ನಂಬಲಿಲ್ಲ.
ಕಲ್ಲಂತೆ. ಉಬ್ಬುವುದಂತೆ.

ಫಾರ್ಗೋದ ಚಳಿ ನಂಬಿಸಿತು.
ಸೊನ್ನೆಗಿಂತ ಮೂವತ್ತು ಕೆಳಗಿಳಿದರೆ
ನೆಲವೇ ಗಡ್ಡೆ ಕಟ್ಟಿ ಮೇಲೇಳುತ್ತದೆ,
ಏಪ್ರಿಲ್ಲಿನಲ್ಲಿ ಉಸ್ಸೆಂದು ಕೂರುತ್ತದೆ.
ನಲವತ್ತೇಳು ಸಲ ಎದ್ದು ಕೂತ ಮೇಲೆ
ಸಂದಿನ ರೆಡ್‌ವುಡ್ ಪಟ್ಟಿಗಳು
ಚಹಾದಲ್ಲಿ ಮರೆತ ರಸ್ಕು.
ಅವುಗಳ ಜಾಗದಲ್ಲಿ ಈಗ ಇರುವೆ, ದಂಡೇಲಿಯನ್,
ಒಂದು ಗೇಣುದ್ದದ ಮೇಪಲ್ ಸಸಿ:
ಹೇಳದೆ ಕೇಳದೆ ಬಾಡಿಗೆಗೆ ಬಂದವರು.

ಮೊಣಕಾಲ ಕೆಳಗೆ ಹಳೇ ಸೋಫಾದ ದಿಂಬು,
ಕೈಯಲ್ಲಿ ಕೊಕ್ಕೆ, ಪಕ್ಕದಲ್ಲಿ ಬೆಣ್ಣೆ ಚೂರಿ.
ಎದುರು ಮನೆಯ ಲಿಬಾನ್ ಸ್ಕೂಟರು ತುಳಿಯುತ್ತ ಬಂದು
"ಏನು ಕಳೆದುಹೋಯಿತು ಮಿಸೆಸ್ ಟಫ್ಟಿ?" ಎಂದ.
ಬಕೆಟ್ಟಿಗೆ ಒಂದು ಡಾಲರಂತೆ ಕಸ ಹೊರಲು ಒಪ್ಪಿದ.
ಮೂರು ಬಕೆಟ್ಟು, ಒಂದು ಗೋಲಿ,
ಯಾವ ಮಗುವಿನದೋ ಕೆಂಪು ಗುಂಡಿ.
ಗೋಲಿ ಅವನಿಗೇ.

ಗ್ಯಾರೇಜಿನ ಸೂರಿನ ಕೆಳಗೆ, ನೀರು ತಾಗದ ಕಡೆ,
ಕೊನೆಯ ಪಟ್ಟಿ ಮಾತ್ರ ಗಟ್ಟಿ.
ಮೀಟಿದರೆ ಇಡಿಯಾಗಿ ಬಂತು.
ಮಗುಚಿದರೆ ಪೆನ್ಸಿಲ್ ಬರಹ, ಅವನದೇ ಓರೆ ಅಂಕಿ:
ಹನ್ನೊಂದು ಗಜ ಕಾಂಕ್ರೀಟು, ಗಜಕ್ಕೆ ಮೂವತ್ತೆಂಟು,
ಒಟ್ಟು ಮುನ್ನೂರ ಹದಿನೆಂಟು.

ಮುನ್ನೂರ?
ಧೂಳಿನಲ್ಲಿ ಬೆರಳಾಡಿಸಿ ಕೂಡಿದಳು.
ಮತ್ತೊಮ್ಮೆ ಕೂಡಿದಳು.
ಕೈಯಲ್ಲಿದ್ದ ಒಂದನ್ನು ಕೈಯಲ್ಲೇ ಮರೆತಿದ್ದ ಪುಣ್ಯಾತ್ಮ.

ಆ ನೂರು ಡಾಲರಿಗಾಗಿ
ಕಾಂಕ್ರೀಟು ಲಾರಿಯ ಗೇಲಾರ್ಡ್ ಸ್ಟ್ರಾಂಡನನ್ನು
ಸಾಯುವ ತನಕ ಕಳ್ಳ ಎಂದ.
ಚರ್ಚಿನಲ್ಲಿ ಬೆಂಚು ಬದಲಿಸಿದ,
ಡಿಸೆಂಬರಿನ ಮೀನೂಟದ ಸಾಲಿನಲ್ಲಿ ಬೆನ್ನು ಕೊಟ್ಟು ನಿಂತ.
ಅವಳೂ ನಿಂತಳು, ತಟ್ಟೆ ಹಿಡಿದು, ಪಕ್ಕದಲ್ಲೇ.
ಹೋಗಿ ಎರಡು ವರ್ಷವಾಯಿತು. ಈಗ ಯಾರನ್ನು ಬೈಯುವುದು?
ಬೈದಳು, ಆದರೂ. ಲಿಬಾನ್ ತಿರುಗಿ ನೋಡಿದ.

ಮೊದಲು ಕೆಲಸ.
ಸಂದನ್ನು ಗುಡಿಸಿ, ಊದಿ, ಒಣಗಲು ಬಿಟ್ಟು
ಸಂದಿಗಿಂತ ಒಂದು ನೂಲು ದಪ್ಪದ ಫೋಮು ಹುರಿ
ಬೆಣ್ಣೆ ಚೂರಿಯ ಬೆನ್ನಿನಿಂದ ಒಳಗೆ ಒತ್ತಿದಳು.
ಮೇಲೆ ಬೂದು ಸೀಲಂಟು, ಜೋನಿಬೆಲ್ಲದ ಹಾಗೆ
ತಾನೇ ಹರಿದು ತಾನೇ ಮಟ್ಟವಾಗುವಂಥದು.
ಎರಡು ಬದಿಗೆ ಅಂಟಬೇಕು, ತಳಕ್ಕೆ ಅಂಟಬಾರದು;
ತಳವನ್ನೂ ಹಿಡಿದುಕೊಂಡರೆ
ಮೊದಲ ಚಳಿಯ ಎಳೆದಾಟಕ್ಕೇ ಹರಿಯುತ್ತದೆ
ಎಂದ ಅಂಗಡಿಯ ಹುಡುಗನಿಗೆ ಇಪ್ಪತ್ತೂ ಇರಲಿಕ್ಕಿಲ್ಲ.

ನಾಳೆ ಸಂಜೆಯ ತನಕ ಬ್ಯೂಕ್ ಹೊರಗೆ ತೆಗೆಯುವಂತಿಲ್ಲ.
ಆದ್ದರಿಂದ ನಡೆದಳು.
ನಾಲ್ಕು ಬೀದಿ, ಕಂಕುಳಲ್ಲಿ ಪೇಪರು ಸುತ್ತಿದ ಪಟ್ಟಿ,
ಉಗುರಲ್ಲಿ ಇನ್ನೂ ಬೂದು ಅಂಟು.

ಗೇಲಾರ್ಡನಿಗೆ ಈಗ ಎಂಬತ್ತೆಂಟು, ಮೂಗಿಗೆ ಆಕ್ಸಿಜನ್ ನಳಿಕೆ.
ಭೂತಗನ್ನಡಿ ಹಿಡಿದು ಓದಿದ, ತುಟಿಯಾಡಿಸುತ್ತ,
ಎಷ್ಟೋ ಹೊತ್ತು.
ಕ್ಷಮಿಸು ಎಂಬ ಮಾತು ಅವಳ ಗಂಟಲವರೆಗೆ ಬಂದಿತ್ತು.
"ಮೂವತ್ತೆಂಟಲ್ಲ" ಎಂದ ಅವನು.
"ಆ ವರ್ಷ ಗಜಕ್ಕೆ ಮೂವತ್ತೇಳೂವರೆ."

ಲವಾನ್ ಕುರ್ಚಿ ಎಳೆದುಕೊಂಡು ಕೂತಳು.
ಹನ್ನೊಂದು ಅರ್ಧ, ಐದೂವರೆ.
"ನಾವು ಕೊಟ್ಟದ್ದು ನಾನೂರ ಹದಿನೆಂಟು, ಗೇಲಾರ್ಡ್.
ರಸೀತಿ ನನ್ನ ಹತ್ತಿರ ಇದೆ."

ಅವನು ನಕ್ಕ, ಕೆಮ್ಮಿದ, ನಳಿಕೆ ಸರಿಮಾಡಿಕೊಂಡ,
ಮತ್ತೆ ನಗುತ್ತಲೇ
ಕೋಟಿನ ಜೇಬು ತಡಕತೊಡಗಿದ.