ಚಟಾಕು

ಹರಿಹರದ ಅಪ್ಪನ ಕಾಳಿನಂಗಡಿಯಲ್ಲಿ ಮೂರು ಅಳತೆ:
ಸೇರು, ಪಾವು, ಚಟಾಕು.
ಸೇರಿಗೆ ಮರ್ಯಾದೆ, ಪಾವಿಗೆ ಗಿರಾಕಿ.
ಚಟಾಕು ಮೂಲೆಯಲ್ಲಿ ಬೋರಲು ಬಿದ್ದಿರುತ್ತಿತ್ತು,
ಒಳಗೊಂದು ಜೇಡ ಸಂಸಾರ ಹೂಡಿತ್ತು.

ಹನ್ನೊಂದು ವರ್ಷದ ಕೆಳಗೆ ಮೆಲ್ಬರ್ನಿನ ಡಾಕ್ಟರೊಬ್ಬರು
ನನ್ನೊಳಗಿನ ಸೇರನ್ನು ಕತ್ತರಿಸಿ, ಹೊಲಿದು,
ಚಟಾಕು ಮಾಡಿ ಮನೆಗೆ ಕಳಿಸಿದರು.
"ಇದು ಬರೀ ಸಲಕರಣೆ, ಕೆಲಸ ನಿಮ್ಮದು" ಅಂದರು,
ಆಗಲೇ ಇನ್ನೊಂದು ಮಂಚದ ಕಡೆ ತಿರುಗುತ್ತ.

ಮೊದಲ ಎರಡು ವರ್ಷ ಸುಗ್ಗಿ.
ಬಳೆ ಮೊಣಕೈಯವರೆಗೆ ಜಾರುತ್ತಿತ್ತು,
ಕೂದಲು ಬಾಚಣಿಗೆಯಲ್ಲೇ ಉಳಿಯುತ್ತಿತ್ತು,
ವಿಮಾನದಲ್ಲಿ ಬೆಲ್ಟಿಗೊಂದು ಬಾಲ ಬೇಕೆಂದು ಕೇಳಲಿಲ್ಲ,
ಕಿಟಕಿಗೆ ಮುಖ ತಿರುಗಿಸಿ ಅತ್ತೆ.
ಆಮೇಲೆ ಹೊಗಳುವವರು ದಣಿದರು.
ಈಗ ನಾನೊಬ್ಬ ಸಾಧಾರಣ ಗಾತ್ರದ ಹೆಂಗಸು.
ಹಾಗೇ ಉಳಿದಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಸುಕಿನಲ್ಲಿ ವೆಂಡೂರಿ ಕೆರೆಗೆ ಒಂದು ಸುತ್ತು.
ಬ್ಯಾಲರಾಟಿನ ಜುಲೈ ಚಳಿ ಹಲ್ಲಿನ ಬೇರಿಗೇ ಇಳಿಯುತ್ತದೆ.
ಕಪ್ಪು ಹಂಸಗಳು ಮಂಜುಗಟ್ಟಿದ ಹುಲ್ಲು ಮೇಯುತ್ತಿರುತ್ತವೆ,
ಮೊದಲು ಪ್ರೋಟೀನ್ ಅಂತ ಅವಕ್ಕೆ ಯಾರೂ ಹೇಳಿಲ್ಲ.
ಮನೆಗೆ ಬಂದು ಒಂದು ಮೊಟ್ಟೆ, ತುತ್ತಿಗೆ ಇಪ್ಪತ್ತು ಅಗಿತ.
ಉಂಡ ಮೇಲೆ ನೀರಿಗೆ ಅರ್ಧ ಗಂಟೆ ಕಾಯಬೇಕು.
ಮಧ್ಯಾಹ್ನ ಸುಣ್ಣದ ಮಾತ್ರೆ, ಮಲಗುವಾಗ ಕಬ್ಬಿಣದ್ದು;
ಇಬ್ಬರೂ ಸವತಿಯರು, ಒಟ್ಟಿಗೆ ಕೂರುವುದಿಲ್ಲ.
ಶುಕ್ರವಾರ ದೇವರಿಗೆ ದೀಪ ಹಚ್ಚುವ ಮುಂಚೆ
ತೂಕದ ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲುತ್ತೇನೆ.
ಯಾವುದರ ಮುಂದೆ ಹೆಚ್ಚು ಭಕ್ತಿ ಅಂತ ಕೇಳಬೇಡಿ.

ಲಾಕ್‌ಡೌನಿನಲ್ಲಿ ಒಂಬತ್ತು ಕಿಲೋ ವಾಪಸು ಬಂದವು,
ತವರಿಗೆ ಬಂದ ಮಗಳ ಹಾಗೆ, ಬಾಗಿಲು ತಟ್ಟದೆ.
ಆಗೊಂದು ಚಕ್ಕುಲಿ, ಈಗೊಂದು ಬಿಸ್ಕತ್ತು,
ರಾತ್ರಿ ತಾನಾಗಿ ಜಾರುವ ಐಸ್‌ಕ್ರೀಮು.
ದಿನವಿಡೀ ಅಳೆದರೆ ಚಟಾಕಿನಲ್ಲೂ ಮೂಟೆ ಖಾಲಿಯಾಗುತ್ತದೆ.
ಅಂಗಡಿಯವನ ಮಗಳಿಗೆ ಇದು ಗೊತ್ತಿರಬೇಕಿತ್ತು.
ಐದು ಇಳಿಸಿದೆ. ನಾಲ್ಕು ಇನ್ನೂ ಇವೆ.
ಅವುಗಳ ಜೊತೆ ಜಗಳ ಬಿಟ್ಟಿದ್ದೇನೆ, ಲೆಕ್ಕ ಬಿಟ್ಟಿಲ್ಲ.

ಯುಗಾದಿಯ ದಿನ ನಾಗರತ್ನಮ್ಮ ತಟ್ಟೆಗೆ ಹೋಳಿಗೆ ಹಾಕಿದರು.
"ಒಂದು ತಿಂದರೆ ಏನಾಗತ್ತೆ?"
ಏನಾಗುತ್ತದೆಂದರೆ, ಎದೆ ಡವಗುಟ್ಟಿ, ಬೆನ್ನು ಬೆವರಿ,
ಬಚ್ಚಲ ಗೋಡೆ ಹಿಡಿದು ಇಪ್ಪತ್ತು ನಿಮಿಷ.
ಹೇಳಲಿಲ್ಲ. ಕಡಲೆಕಾಯಿಯಷ್ಟು ಮುರಿದುಕೊಂಡೆ,
ಹೂರಣ ನಾಲಿಗೆಯ ಮೇಲೆ ಕರಗುವ ತನಕ
ಅವರ ಮೊಮ್ಮಗನ ಈಜಿನ ಪದಕದ ಕತೆ ಕೇಳಿದೆ,
ಎರಡು ಸಲ.

ವೃದ್ಧಾಶ್ರಮದ ಅಡಿಗೆಮನೆ ನನ್ನ ನೌಕರಿ.
ಅರವತ್ತು ತಟ್ಟೆ; ಒಬ್ಬರಿಗೆ ಉಪ್ಪಿಲ್ಲ, ಇನ್ನೊಬ್ಬರಿಗೆ ಹಲ್ಲಿಲ್ಲ.
ಎಲ್ಲರೂ ಎದ್ದು ಟಿವಿಗೆ ಹೋದ ಮೇಲೆ
ಮೇಜಿನಲ್ಲಿ ಉಳಿಯುವವರು ಇಬ್ಬರೇ,
ತೊಂಬತ್ತನಾಲ್ಕರ ಎನಿಡ್, ಮತ್ತೆ ನಾನು.
ಆಕೆಗೆ ವಯಸ್ಸು ನಿಧಾನ ಕಲಿಸಿತು, ನನಗೆ ಕತ್ತರಿ.
ಮೊನ್ನೆ ನನ್ನ ಪುಟ್ಟ ಬಟ್ಟಲು ನೋಡಿ ಕೇಳಿದಳು:
"ಯಾವಾಗ ಮುಗಿಯುತ್ತೆ ನಿನ್ನ ಈ ಪಥ್ಯ?"
ನಾನು ಅಗಿಯುತ್ತಿದ್ದೆ. ಹದಿನಾಲ್ಕು. ಹದಿನೈದು.
ನುಂಗುವಷ್ಟರಲ್ಲಿ ಆಕೆಗೆ ಪ್ರಶ್ನೆ ಮರೆತಿತ್ತು.

ಬಟ್ಟಲಲ್ಲಿ ಎರಡು ಚಮಚ ಬೇಳೆ ಉಳಿದಿತ್ತು.
ಅಳತೆಯ ಮೇಲೆ ಗೋಪುರವಾಗಿ ನಿಂತ ಕಾಳನ್ನು
ಅಪ್ಪ ಅಂಗೈಯಲ್ಲಿ ಸವರಿ ಮೂಟೆಗೇ ಬೀಳಿಸುತ್ತಿದ್ದ.
ಅದರ ಸದ್ದು ಸಣ್ಣ ಮಳೆಯ ಹಾಗೆ.
ಆದರೆ ಮನೆಯಲ್ಲಿ ಅಗುಳು ಬಿಟ್ಟರೆ ಬೆನ್ನಿಗೆ ಬೀಳುತ್ತಿತ್ತು.
ಎರಡು ಚಮಚವನ್ನೂ ಡಬ್ಬಿಗೆ ಹಾಕಿ ಮುಚ್ಚಿ
ಮೇಲೆ "ನಾಲ್ಕು ಗಂಟೆಗೆ" ಎಂದು ಬರೆದೆ.

ಎನಿಡ್ ನಡುಗುವ ಕೈಯಲ್ಲಿ ನೀರು ಬಗ್ಗಿಸಿ
ಲೋಟ ನನ್ನ ಕಡೆ ತಳ್ಳಿದಳು.
ಗಡಿಯಾರ ನೋಡಿದೆ.
ಇನ್ನೂ ಇಪ್ಪತ್ತೆರಡು ನಿಮಿಷ.